ನಿಂಗಣ್ಣನ ಮೈಕು

ಗೋರೆಗಾಂವ್ ಪೂರ್ವದ ಕಾಲೊನಿಯೊಂದರ ಮೂರನೇ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಹವಾಯನ್ ಗಿಟಾರಿನ ದನಿ ಕೇಳಿದರೆ, ಸತ್ಯಮೂರ್ತಿ ಸ್ನಾನ ಮುಗಿಸಿ ಕೂತಿದ್ದಾನೆ ಎಂದು ಕೆಳಗಿನವರಿಗೆಲ್ಲ ಗೊತ್ತಾಗುತ್ತಿತ್ತು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಸರಳನ್ನು ತಂತಿಯ ಮೇಲೆ ಜಾರಿಸುತ್ತ ನುಡಿಸುವುದನ್ನು ಅವನು ಮೈಸೂರಿನಲ್ಲಿ ಕಾಲೇಜು ಓದುವಾಗ ಕಲಿತಿದ್ದ. ಮುಂಬಯಿಗೆ ಬಂದು ಔಷಧಿ ಕಂಪೆನಿಯೊಂದರಲ್ಲಿ ನೌಕರಿಗೆ ಸೇರಿ ಹನ್ನೊಂದು ವರ್ಷವಾದರೂ ಬಿಟ್ಟಿರಲಿಲ್ಲ. ಮರದ ಪೆಟ್ಟಿಗೆಯಂಥ ಹಳೆಯ ಆಂಪ್ಲಿಫಯರ್ ಒಂದು ಮಂಚದ ಪಕ್ಕದಲ್ಲೇ ಇರುತ್ತಿತ್ತು. ಹೆಂಡತಿ ಸುಮಿತ್ರಾ ಅದರ ಮೇಲೆ ಒಗೆದ ಬಟ್ಟೆ ಮಡಿಸಿ ಇಡುವಳು.

೧೯೮೬ರ ಮೇ ತಿಂಗಳಲ್ಲಿ, ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಅವನ ವಾದನ ಕೇಳಿದ ಕ್ಯಾಸೆಟ್ ಕಂಪೆನಿಯ ವ್ಯವಸ್ಥಾಪಕರೊಬ್ಬರು, "ಹತ್ತು ಧಾಟಿ ರೆಕಾರ್ಡ್ ಮಾಡಿ ಕಳಿಸಿ, ಕೇಳಿ ನೋಡೋಣ" ಎಂದುಬಿಟ್ಟರು. ಅಂದಿನಿಂದ ಸತ್ಯಮೂರ್ತಿಯ ತಲೆಯಲ್ಲಿ ಬೇರೆ ವಿಚಾರವೇ ಇಲ್ಲ.

ಮನೆಯ ಟೇಪ್‌ರೆಕಾರ್ಡರಿನ ಒಳಗೇ ಇದ್ದ ಮೈಕಿನಲ್ಲಿ ಮೊದಲು ಪ್ರಯತ್ನಿಸಿದ. ಗಿಟಾರು ಬಾವಿಯೊಳಗಿಂದ ಕೇಳಿದಂತೆ ಕೇಳಿತು. ರೇಡಿಯೋ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ಪೆನ್ಸಿಲ್ ಸೆಲ್ ಹಾಕುವ ತೆಳ್ಳನೆಯ ಮೈಕೊಂದನ್ನು ತಂದ. ಅಂಗಡಿಯವನು ಅದನ್ನು ಬಹಳ ಹೊಗಳಿದ್ದ. ಆಂಪ್ಲಿಫಯರಿನ ಮುಂದಿಟ್ಟರೆ ದನಿ ಒಡೆದು ಕರಕರ ಅಂದಿತು. ದೂರ ಇಟ್ಟರೆ ಪಕ್ಕದ ಮನೆಯ ಕುಕ್ಕರಿನ ಸೀಟಿ, ಲೋಕಲ್ ಟ್ರೇನಿನ ಸದ್ದು, ಕೆಳಗಿನ ಗುಜರಾತಿ ಅತ್ತೆ ಸೊಸೆಯರ ಜಗಳ ಎಲ್ಲವೂ ಟೇಪಿನೊಳಗೆ ಬಂದವು.

"ಗಿಟಾರಿಗಿಂತ ಜಗಳವೇ ಚೆನ್ನಾಗಿ ಕೇಳ್ತಿದೆ ಕಣ್ರೀ" ಎಂದು ಸುಮಿತ್ರಾ ನಕ್ಕಳು. ಅವನಿಗೆ ನಗು ಬರಲಿಲ್ಲ.

ಆಗ ನೆನಪಾದವನು ನಿಂಗಣ್ಣ. ವಿಜಾಪುರದ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದು, ಕುರ್ಲಾದ ಚಾಳೊಂದರಲ್ಲಿ ಸಂಸಾರ ಹೂಡಿ, ಈಗ ಸಭೆ ಸಮಾರಂಭಗಳಿಗೆ ಮೈಕ್‌ಸೆಟ್ಟು ಬಾಡಿಗೆಗೆ ಕೊಡುತ್ತಿದ್ದವನು. ಸಂಘದ ಕಾರ್ಯಕ್ರಮಗಳಿಗೆ ಅವನನ್ನು ಗೊತ್ತು ಮಾಡಿಕೊಟ್ಟವನೇ ಸತ್ಯಮೂರ್ತಿ. ನಿಂಗಣ್ಣ ಒಂದು ಸಂಜೆ ಮನೆಗೆ ಬಂದು ತೆಳ್ಳನೆಯ ಮೈಕನ್ನು ನೋಡಿ ತಲೆಯಾಡಿಸಿದ.

"ಇದು ಮಾತಿಗೆ ಸೈ ರೀ ಸರ್. ಸ್ಪೀಕರ್ ಮುಂದ ಇಟ್ರ ಇದರ ಜೀವ ಹೋಗ್ತೈತಿ. ನಿಮಗ ಸೆಲ್ ಇಲ್ಲದ್ದು ಬೇಕು, ಎಷ್ಟ ಜೋರ್ ಬಾರಿಸಿದ್ರೂ ತಡಿಯೂ ಅಂಥಾದ್ದು."

ಮರುದಿನ ತನ್ನ ಚೀಲದಿಂದ ಹಳೆಯ ಬನಿಯನ್ನಿನಲ್ಲಿ ಸುತ್ತಿದ್ದ ಮೈಕೊಂದನ್ನು ತೆಗೆದು ಕೊಟ್ಟ. ಪರದೇಶದ ಮಾಲು. ಫೋರ್ಟ್ ಕಡೆಯ ಹೋಟೆಲೊಂದರ ಬ್ಯಾಂಡು ನಿಂತುಹೋದಾಗ ಅಲ್ಲಿಯ ಹಾಡುಗಾರ ಇವನಿಗೆ ಮಾರಿ ಹೋದದ್ದಂತೆ. ತಲೆಯ ಜಾಲರಿ ಒಂದು ಪಕ್ಕ ನೆಗ್ಗಿತ್ತು, ಹಿಡಿಯ ಬಣ್ಣ ಸವೆದಿತ್ತು. ನಿಂಗಣ್ಣ ಮಂಡಿಯೂರಿ ಕೂತು, ಅದನ್ನು ಸ್ಪೀಕರಿನ ನಟ್ಟನಡುವಿಗೆ ಇಡದೆ ಸ್ವಲ್ಪ ಬದಿಗೆ ಸರಿಸಿ, ಒಂದು ಗೇಣಿನ ದೂರದಲ್ಲಿ ನಿಲ್ಲಿಸಿದ.

"ಈಗ ಬಾರಸ್ರಿ."

ಸತ್ಯಮೂರ್ತಿ ಟೇಪನ್ನು ಹಿಂದಕ್ಕೆ ಸುತ್ತಿ ಕೇಳಿದ. ಸರಳು ತಂತಿಯ ಮೇಲೆ ಜಾರುವ ನಯ, ಕೊನೆಯಲ್ಲಿ ಸ್ವರ ನಡುಗುವುದು, ಎಲ್ಲವೂ ಇತ್ತು. ಕುಕ್ಕರಿನ ಸೀಟಿ ಎಲ್ಲೋ ದೂರಕ್ಕೆ ಹೋಗಿತ್ತು. ತಾನು ಇಷ್ಟು ಚೆನ್ನಾಗಿ ನುಡಿಸುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ.

"ಇದನ್ನ ನನಗೆ ಕೊಟ್ಟುಬಿಡ್ತೀಯಾ ನಿಂಗಣ್ಣ?"

"ಇದೊಂದು ಕೇಳಬ್ಯಾಡ್ರಿ ಸರ್. ಇದರ ಮ್ಯಾಲೇ ನನ್ನ ಹೆಸರು ನಿಂತೈತಿ. ಶನಿವಾರ ಲಗ್ನ ಐತಿ, ಅಲ್ಲೀತನಾ ಇಟ್ಕೋರಿ. ಮತ್ತ ಬೇಕಾದ್ರ ಹೇಳ್ರಿ, ಕೊಡ್ತೀನಿ."

ಶುಕ್ರವಾರದ ಹೊತ್ತಿಗೆ ಎರಡು ಧಾಟಿಯಷ್ಟೇ ಮುಗಿದಿದ್ದವು. ಇನ್ನೊಮ್ಮೆ ಕೇಳಿದ್ದರೆ ನಿಂಗಣ್ಣ ಖಂಡಿತ ಕೊಡುತ್ತಿದ್ದ. ಆದರೆ ಮೈಕ್‌ಸೆಟ್ಟಿನವನ ಮುಂದೆ ಮೇಲಿಂದ ಮೇಲೆ ಕೈಚಾಚುವುದು ಸತ್ಯಮೂರ್ತಿಗೆ ಒಗ್ಗಲಿಲ್ಲ. ಜೊತೆಗೆ, ಮದುವೆಮನೆಯಲ್ಲಿ ಎಲೆಯಡಿಕೆ ಬಾಯಿಯವರೆಲ್ಲ ಹಿಡಿದು ಕೂಗುವ ಮೈಕಾಗಿ ಇದು ಹಾಳಾಗುತ್ತಿದೆ, ಇದರ ಬೆಲೆ ಅವನಿಗೇನು ಗೊತ್ತು ಎಂದು ಒಳಗಿನಿಂದ ಯಾರೋ ಹೇಳತೊಡಗಿದರು. ಅದು ಸುಳ್ಳೆಂದು ಅವನಿಗೆ ಆಗಲೇ ಗೊತ್ತಿತ್ತು. ಬೆಲೆ ತಿಳಿಸಿಕೊಟ್ಟವನೇ ನಿಂಗಣ್ಣ.

ಮಧ್ಯಾಹ್ನ ಆಫೀಸಿನಿಂದ ಬೇಗ ಹೊರಟು ಲ್ಯಾಮಿಂಗ್ಟನ್ ರೋಡಿಗೆ ಹೋದ. ಪರದೇಶದ ಮೈಕಿನ ನಕಲು ಅಲ್ಲಿ ಸಿಗುತ್ತಿತ್ತು. "ಅಸಲಿ ನಹೀ ಹೈ ಸಾಬ್, ಲೇಕಿನ್ ದೇಖನೇ ಮೇ ಸೇಮ್ ಟು ಸೇಮ್" ಎಂದು ಅಂಗಡಿಯವನು ಮುಚ್ಚುಮರೆಯಿಲ್ಲದೆ ಹೇಳಿದ. ಆ ವ್ಯಾಪಾರದಲ್ಲಿ ನಿಜ ಹೇಳಿದವನು ಅವನೊಬ್ಬನೇ.

ಮನೆಯಲ್ಲಿ ಸುಮಿತ್ರಾ ತರಕಾರಿಗೆ ಹೋಗಿದ್ದಳು. ಸತ್ಯಮೂರ್ತಿ ನಕಲಿ ಮೈಕನ್ನು ಟವೆಲಿನಲ್ಲಿ ಸುತ್ತಿ, ಕಿಟಕಿಯ ಕಟ್ಟೆಗೆ ಮೂರು ಸಲ ಬಡಿದ. ಜಾಲರಿ ನೆಗ್ಗಿತು. ಮರಳು ಕಾಗದದಿಂದ ಹಿಡಿಯ ಬಣ್ಣ ಉಜ್ಜಿದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಮತ್ತೊಂದಿಷ್ಟು ಉಜ್ಜಿದ. ಪರೀಕ್ಷೆಗೆ ಓದುವ ಹುಡುಗನಷ್ಟು ಶ್ರದ್ಧೆಯಿಂದ ಆ ಕೆಲಸ ಮಾಡುತ್ತಿದ್ದಾಗ ಬಾಗಿಲು ತೆರೆಯಿತು.

"ಏನ್ರೀ ಮಾಡ್ತಿದೀರಿ?"

"ಏನಿಲ್ಲ. ಮೈಕು ಕ್ಲೀನ್ ಮಾಡ್ತಿದ್ದೆ."

ಸುಮಿತ್ರಾ ಎರಡು ಮೈಕುಗಳನ್ನೂ, ನೆಲದ ಮೇಲಿನ ಕಪ್ಪು ಪುಡಿಯನ್ನೂ ನೋಡಿದಳು. ಏನೂ ಕೇಳದೆ ಪೊರಕೆ ತಂದಳು.

ಶನಿವಾರ ಬೆಳಿಗ್ಗೆ ನಿಂಗಣ್ಣ ಬಂದ. ಸತ್ಯಮೂರ್ತಿ ಆ ಹಳೆಯ ಬನಿಯನ್ನಿನಲ್ಲೇ ಸುತ್ತಿ ಕೊಟ್ಟ. ನಿಂಗಣ್ಣ ಬಿಚ್ಚಿ ನೋಡಿ, ಕೈಯಲ್ಲಿ ಒಂದು ಸಲ ಮೇಲೆ ಕೆಳಗೆ ಮಾಡಿದ. ಸತ್ಯಮೂರ್ತಿಯ ಮುಖವನ್ನು ಒಂದು ಗಳಿಗೆ ನೋಡಿದ.

"ಕೆಲಸ ಆತೇನ್ರೀ ಸರ್?"

"ಆಯ್ತು ನಿಂಗಣ್ಣ. ತುಂಬ ಉಪಕಾರವಾಯ್ತು."

"ಬರ್ತೀನ್ರೀ ಹಂಗಾರ" ಎಂದು ಅವನು ಮೆಟ್ಟಿಲಿಳಿದು ಹೋದ. ಸತ್ಯಮೂರ್ತಿ ಅವನಿಗೆ ಚಹಾ ಕುಡಿದು ಹೋಗು ಎನ್ನಲಿಲ್ಲ.

ಹತ್ತು ಧಾಟಿಗಳೂ ಆಗಸ್ಟಿನಲ್ಲಿ ಮುಗಿದವು. ಕ್ಯಾಸೆಟ್ ಹಿಡಿದು ಸತ್ಯಮೂರ್ತಿ ತಾನೇ ಕಂಪೆನಿಗೆ ಹೋದ. ವ್ಯವಸ್ಥಾಪಕರು ನಾಲ್ಕು ಧಾಟಿ ಕೇಳಿ ಗುಂಡಿ ಒತ್ತಿ ನಿಲ್ಲಿಸಿದರು.

"ನುಡಿಸಿದ್ದು ಪರವಾಗಿಲ್ಲ. ಆದರೆ ಇಂಥ ಕ್ಯಾಸೆಟ್ಟು ನಮ್ಮಲ್ಲಿ ಆಗಲೇ ನಾಲ್ಕಿವೆ. ರೆಕಾರ್ಡಿಂಗ್ ಮಾತ್ರ ಚೆನ್ನಾಗಿದೆ, ಮನೇಲಿ ಮಾಡಿದ್ದು ಅನ್ನೋ ಹಾಗೇ ಇಲ್ಲ. ಯಾವ ಮೈಕು?"

"ನನ್ನದೇ ಒಂದಿದೆ" ಎಂದ ಸತ್ಯಮೂರ್ತಿ. ಹೊಗಳಿಸಿಕೊಂಡದ್ದು ಕದ್ದ ವಸ್ತು. ತನ್ನದಾಗಿದ್ದದ್ದು 'ಪರವಾಗಿಲ್ಲ'. ಅಂದಿನಿಂದ ಮೈಕು ಬೀರುವಿನಲ್ಲಿ ಚಳಿಗಾಲದ ರಗ್ಗಿನ ಅಡಿ ಸೇರಿತು. ಗಿಟಾರಿನ ಮೇಲೆ ಧೂಳು ಕೂತಿತು. ಕೆಳಗಿನವರು, "ಯಾಕೆ, ಸಾಹೇಬರ ವಾದನ ಇಲ್ಲ?" ಎಂದರೆ ಆಫೀಸಿನ ಕೆಲಸ ಎನ್ನುತ್ತಿದ್ದ.

ನವೆಂಬರಿನಲ್ಲಿ ಸಂಘದ ರಾಜ್ಯೋತ್ಸವ. ಗೋರೆಗಾಂವಿನ ಶಾಲೆಯೊಂದರ ಹಾಲ್ ತುಂಬಿತ್ತು. ಎಂದಿನಂತೆ ನಿಂಗಣ್ಣನದೇ ಮೈಕ್‌ಸೆಟ್ಟು. ಮುಖ್ಯ ಅತಿಥಿಗಳು ಮಾತು ಶುರುಮಾಡಿ ಐದು ನಿಮಿಷವಾಗಿರಲಿಲ್ಲ, ಮೈಕು ಕರಕರ ಅಂದು ನಿಂತಿತು. ನಿಂಗಣ್ಣ ಓಡಿಬಂದು ವಾಯರ್ ಅಲುಗಾಡಿಸಿದ. ಬಂತು, ಮತ್ತೆ ಹೋಯಿತು. ಹಿಂದಿನ ಸಾಲಿನವರು ಸಿಳ್ಳೆ ಹಾಕಿದರು. ಅತಿಥಿಗಳು ಬೇಸರದಿಂದ ಕೂತುಬಿಟ್ಟರು.

ಸಂಘದ ಕಾರ್ಯದರ್ಶಿ ಕೇಶವಮೂರ್ತಿಗಳು ವೇದಿಕೆಯ ಅಂಚಿಗೆ ಬಂದು, ಎಲ್ಲರಿಗೂ ಕೇಳುವಂತೆ, "ಏನಯ್ಯಾ, ಮರ್ಯಾದೆ ತೆಗೀಬೇಕು ಅಂತಲೇ ಬಂದಿದೀಯಾ? ಗುಜರಿ ಸಾಮಾನು ತಂದು ನಮ್ಮ ತಲೆಗೆ ಕಟ್ತೀಯಾ?" ಎಂದರು. ನಿಂಗಣ್ಣ ಕೈಕಟ್ಟಿ ನಿಂತಿದ್ದ. ಅವನ ಹೆಂಡತಿ ದೇವಕ್ಕ, ಕಾರ್ಯಕ್ರಮ ನೋಡಲೆಂದು ಬಂದವಳು, ಗೋಡೆಗೆ ಒರಗಿ ಮಗುವನ್ನು ಎದೆಗೆ ಒತ್ತಿಕೊಂಡಳು.

ಕೇಶವಮೂರ್ತಿಗಳು ಮೊದಲ ಸಾಲಿನತ್ತ ತಿರುಗಿದರು. "ಸತ್ಯಮೂರ್ತಿ, ಇವನನ್ನ ಗೊತ್ತು ಮಾಡಿದ್ದು ನೀವೇ ಅಲ್ವೇ?"

ಆಗ ಅವನು ಎದ್ದು ನಿಲ್ಲಬಹುದಿತ್ತು. ನಿಂಗಣ್ಣ ಅವನನ್ನೇ ನೋಡುತ್ತಿದ್ದ.

"ಮುಂದಿನ ಸಲ ಬೇರೆಯವರನ್ನ ನೋಡೋಣ ಸಾರ್" ಎಂದ ಸತ್ಯಮೂರ್ತಿ.

ನಿಂಗಣ್ಣ ಕಣ್ಣು ತಗ್ಗಿಸಿ ವಾಯರ್ ಸುತ್ತತೊಡಗಿದ.

ಮನೆಗೆ ನಡೆದು ಬರುವಾಗ ಸುಮಿತ್ರಾ ಅರ್ಧ ದಾರಿಯಲ್ಲಿ ನಿಂತಳು. ಆಮೇಲೆ ಮೆಲ್ಲಗೆ, "ಆ ಮೈಕು ನಮ್ಮನೇಲಿದೆ ಅಲ್ವೇನ್ರೀ?" ಎಂದಳು.

ಅವನು ಹೂಂ ಅಂದ.

"ಅವತ್ತೇ ಕೇಳಬೇಕಿತ್ತು ನಾನು. ಕಸ ಗುಡಿಸಿ ಸುಮ್ಮನಾದೆ. ನನ್ನ ಪಾಲೂ ಇದೆ ಇದರಲ್ಲಿ."

ಆ ಮಾತು ಬೈಗಳಿಗಿಂತ ಹೆಚ್ಚಾಗಿ ನಾಟಿತು. ಮರುದಿನ ಅವನು ರಜೆ ಹಾಕಿ, ರಗ್ಗಿನ ಅಡಿಯಿಂದ ಮೈಕು ತೆಗೆದು ಕುರ್ಲಾಕ್ಕೆ ಹೋದ.

ಚಾಳಿನ ಕೋಣೆಯಲ್ಲಿ ನಿಂಗಣ್ಣ ನೆಲದ ಮೇಲೆ ಕೂತು ನಕಲಿ ಮೈಕನ್ನು ಬಿಚ್ಚಿ ಹರಡಿದ್ದ. ದೇವಕ್ಕ ರೊಟ್ಟಿ ಬಡಿಯುತ್ತಿದ್ದಳು. ಸತ್ಯಮೂರ್ತಿ ಹೊಸ್ತಿಲಲ್ಲೇ ನಿಂತು ಪೊಟ್ಟಣ ಮುಂದೆ ಮಾಡಿದ.

"ಇದು ನಿನ್ನದು ನಿಂಗಣ್ಣ. ಅದು ನಾನು ಕೊಂಡು ತಂದದ್ದು. ಬದಲಾಯಿಸಿಬಿಟ್ಟೆ."

ನಿಂಗಣ್ಣ ಪೊಟ್ಟಣ ಬಿಚ್ಚಿ, ಮೈಕನ್ನು ಅಂಗೈಯಲ್ಲಿ ಇಟ್ಟುಕೊಂಡ. "ಗೊತ್ತೈತ್ರಿ" ಎಂದ. "ಅವತ್ತ ಕೈಯಾಗ ಹಿಡಿದಕೂಡಲೇ ಗೊತ್ತಾತು. ಹಗುರಿತ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ಏನಂತ ಕೇಳ್ಲಿ? ಸಾಹೇಬ್ರು ಕದ್ದಾರ ಅಂದ್ರ ಯಾರು ನಂಬ್ತಾರ್ರೀ? ನನಗ ಹುಚ್ಚ ಹಿಡದೈತಿ ಅಂತಿದ್ರು. ನೀವೇ ಒಂದಿನ ತಂದ ಕೊಡ್ತೀರಿ ಅಂತ ನೋಡಿದೆ, ಅಲ್ಲೀತನಾ ಇದರಾಗ ನಡಿಸಿದೆ. ಶ್ರಾವಣ ಹೋತು, ದಸರಾ ಹೋತು."

ಸತ್ಯಮೂರ್ತಿಗೆ ತಲೆ ಎತ್ತಲಾಗಲಿಲ್ಲ. "ತಪ್ಪಾಯ್ತು" ಎಂದ. ಆ ಶಬ್ದ ಆ ಸಣ್ಣ ಕೋಣೆಯಲ್ಲೂ ಯಾವುದಕ್ಕೂ ಸಾಲುವಂತಿರಲಿಲ್ಲ.

ದೇವಕ್ಕ ಹಿಟ್ಟಿನ ಕೈ ಒರೆಸಿಕೊಂಡು ತಿರುಗಿದಳು. "ಇಲ್ಲಿ ಬಂದು ಹೇಳಿದ್ರಿ, ಛಲೋ ಆತ್ರಿ. ಇಲ್ಲಿ ಯಾರೂ ನಮಗ ಗುಜರಿ ಅಂದಿರಲಿಲ್ಲ. ಅಂದಿದ್ದು ಆ ಹಾಲ್‌ನ್ಯಾಗ, ಅಷ್ಟ ಮಂದಿ ಮುಂದ. ಅಲ್ಲಿ ಹೇಳ್ತೀರೇನ್ರೀ?"

"ಸುಮ್ಮನಿರ" ಎಂದ ನಿಂಗಣ್ಣ ಹೆಂಡತಿಗೆ. ಆದರೆ ಬಹಳ ಗಟ್ಟಿಯಾಗಿ ಹೇಳಲಿಲ್ಲ.

"ಹೇಳ್ತೀನಿ" ಎಂದು ಸತ್ಯಮೂರ್ತಿ ಮೆಟ್ಟಿಲಿಳಿದ.

ಮೊದಲು ಬೊರಿವಲಿಯಲ್ಲಿ ಕೇಶವಮೂರ್ತಿಗಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿ, ಹಾಲ್‌ನಲ್ಲಿ ಎಲ್ಲರ ಮುಂದೆಯೂ ಹೇಳಬೇಕೆಂದಿದ್ದೇನೆ ಎಂದ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನ ಇಲ್ಲಿಗೇ ಬಿಡೋಣ ಸತ್ಯಮೂರ್ತಿ. ಹೊರಗೆ ಹೋದರೆ ಸಂಘಕ್ಕೇ ಕೆಟ್ಟ ಹೆಸರು. ಮುಂದಿನ ಸಲ ಅವನನ್ನೇ ಕರೆದರಾಯ್ತು."

"ಅವನನ್ನ ಬೈದದ್ದು ಎಲ್ಲರ ಮುಂದೆ ಸಾರ್."

"ನಿಮ್ಮ ಹೆಂಡತಿಗೂ ಅಲ್ಲಿ ಮುಖ ತೋರಿಸೋದು ಬೇಡವೇನ್ರೀ?"

"ಅವಳಿಗೆ ಗೊತ್ತು. ಬರ್ತಾಳೆ."

ಸಂಕ್ರಾಂತಿಯ ಸಂಜೆ ಅದೇ ಹಾಲ್‌ನಲ್ಲಿ ಎಳ್ಳುಬೆಲ್ಲ ಹಂಚಿಯಾದ ಮೇಲೆ ಸತ್ಯಮೂರ್ತಿ ವೇದಿಕೆ ಹತ್ತಿದ. ಮೈಕು ಬೇರೆ ಯಾರದೋ. ಎರಡು ಪುಟ ಬರೆದುಕೊಂಡು ಬಂದಿದ್ದ, ಆದರೆ ಕಾಗದ ಜೇಬಿನಿಂದ ಹೊರಗೆ ಬರಲಿಲ್ಲ. "ರಾಜ್ಯೋತ್ಸವದ ದಿನ ಕೆಟ್ಟ ಮೈಕು ನಿಂಗಣ್ಣನದಲ್ಲ. ಅವನದನ್ನು ನಾನು ಕದ್ದು, ನಕಲಿ ಕೊಟ್ಟಿದ್ದೆ. ಅವತ್ತು ಗೊತ್ತಿದ್ದೂ ಸುಮ್ಮನೆ ಕೂತಿದ್ದೆ." ಅಷ್ಟೇ ಬಂತು. ಯಾರೋ ಕೆಮ್ಮಿದರು. ಆಫೀಸಿನ ಗೆಳೆಯನೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಮೂರನೇ ಸಾಲಿನಲ್ಲಿ ಸುಮಿತ್ರಾ ತನ್ನ ಮಡಿಲನ್ನು ನೋಡುತ್ತಿದ್ದವಳು ತಲೆ ಎತ್ತಿ ಕೂತಳು. ಸತ್ಯಮೂರ್ತಿ ಹೇಳಿಕಳಿಸಿದ್ದರಿಂದ ಬಂದ ದೇವಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು, ಯಾರನ್ನೂ ಮಾತಾಡಿಸದೆ ಹೊರಟುಹೋದಳು.

ಆಮೇಲೆ ಕಾಲೊನಿಯ ಕೆಲವರು ಅವನನ್ನು ಕಂಡರೆ ಬೇಗ ಮೆಟ್ಟಿಲು ಹತ್ತುತ್ತಿದ್ದರು. ಸಂಘದ ಸಮಿತಿಗೆ ಅವನೇ ರಾಜೀನಾಮೆ ಕೊಟ್ಟ. ಲೋಕಲ್‌ನಲ್ಲಿ ನಿಂತಿರುವಾಗ ಒಮ್ಮೊಮ್ಮೆ, 'ಮುಂದಿನ ಸಲ ಬೇರೆಯವರನ್ನ ನೋಡೋಣ' ಎಂದ ತನ್ನದೇ ದನಿ ಕೇಳಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕದ್ದದ್ದಕ್ಕಿಂತ ಆ ಮಾತೇ ಅವನನ್ನು ಹೆಚ್ಚು ದಿನ ಕಾಡಿತು.

ಯುಗಾದಿಗೆ ಕೇಶವಮೂರ್ತಿಗಳೇ ಕುರ್ಲಾಕ್ಕೆ ಹೇಳಿಕಳಿಸಿದರು. ನಿಂಗಣ್ಣ ಬರಲಾರ ಎಂದುಕೊಂಡಿದ್ದರು, ಬಂದ. ಸತ್ಯಮೂರ್ತಿ ಹಾಲ್‌ನೊಳಗೆ ಬಂದಾಗ ಅವನು ಬಗ್ಗಿ ವೇದಿಕೆಯಿಂದ ಆಂಪ್ಲಿಫಯರಿನವರೆಗೆ ವಾಯರ್ ಎಳೆಯುತ್ತಿದ್ದ. ಇವನು ಅವನ ಹತ್ತಿರ ಬಂದು ನಿಂತ.

"ಸ್ವಲ್ಪ ಕಾಲ ತಗೀರಿ ಸರ್, ವಾಯರ್ ಮ್ಯಾಲೆ ನಿಂತೀರಿ" ಎಂದ ನಿಂಗಣ್ಣ, ಯಾರಿಗಾದರೂ ಹೇಳುವಂತೆ.

ಸತ್ಯಮೂರ್ತಿ ಕಾಲು ತೆಗೆದ. ನಿಂಗಣ್ಣ ವಾಯರ್ ಎಳೆದುಕೊಂಡು ಮುಂದೆ ಹೋದ.