ಪೊಗರು ಇಳಿದ ರಬ್ಬರು

ಚಳಿಗಾಲ ಮುಗಿದು ಬಿಸಿಲು ಚುರುಕಾಗತೊಡಗಿದ ದಿನಗಳು, ಸಂಜೆ ನಾಲ್ಕರ ಹೊತ್ತು. ಹಲ್ಲಿನ ಡಾಕ್ಟರು ಹುಡುಗಿಯ ಬಾಯಿಂದ ಪುಟ್ಟ ಕನ್ನಡಿಯನ್ನು ಹೊರತೆಗೆದು, ಅವಳನ್ನು ಬಿಟ್ಟು ಅವಳ ತಾಯಿಯ ಮುಖ ನೋಡಿದರು.

"ಹಲ್ಲು ಇದ್ದಲ್ಲೇ ಇದೆ. ಇವಳು ರಬ್ಬರ್ ಹಾಕ್ತಿಲ್ಲ."

"ಹಾಕ್ತಿದೀನಿ," ಎಂದಳು ಹುಡುಗಿ. ಬಾಯಿ ತುಂಬ ಹತ್ತಿ. ಮಾತು ಯಾರಿಗೂ ತಿಳಿಯಲಿಲ್ಲ.

ಅವಳ ಮೇಲಿನ ಹಲ್ಲಿನ ಸಾಲು ಮುಂದಕ್ಕೆ, ಕೆಳದವಡೆ ಹಿಂದಕ್ಕೆ. ತಂತಿ ಕಟ್ಟಿಸಿ ವರ್ಷವಾಗಿತ್ತು. ಈಗ ಮೇಲಿನ ಕೋರೆಹಲ್ಲಿನ ಕೊಕ್ಕೆಯಿಂದ ಕೆಳಗಿನ ದವಡೆಹಲ್ಲಿನ ಕೊಕ್ಕೆಗೆ, ಎಡಕ್ಕೊಂದು ಬಲಕ್ಕೊಂದು, ಉಗುರಿನಷ್ಟೇ ಅಗಲದ ರಬ್ಬರ್ ಬಳೆ ಸಿಕ್ಕಿಸಿಕೊಳ್ಳಬೇಕು. ಉಣ್ಣುವಾಗ, ಹಲ್ಲುಜ್ಜುವಾಗ ಬಿಟ್ಟರೆ ಹಗಲೂ ರಾತ್ರಿಯೂ ಅದು ಬಾಯಲ್ಲಿರಬೇಕು.

"ಬೆಳೆಯೋ ವಯಸ್ಸು ಮುಗೀತಾ ಬಂತು," ಎಂದರು ಡಾಕ್ಟರು. "ಮುಂದಿನ ಸಲವೂ ಹೀಗೇ ಇದ್ರೆ ರಬ್ಬರಿಂದ ಆಗೋ ಕೆಲಸ ಅಲ್ಲ ಇದು. ದವಡೆ ಕೊಯ್ದು ಕೂರಿಸಬೇಕಾಗುತ್ತೆ."

ತಾಯಿ ರಬ್ಬರಿನ ಹೊಸ ಪೊಟ್ಟಣವನ್ನು ಇಸಿದುಕೊಂಡು ಬಿರಬಿರನೆ ನಡೆದಳು. ಮನೆಯ ಹೊಸ್ತಿಲು ದಾಟಿದ ಮೇಲೆ ಬಾಯಿ ಬಿಚ್ಚಿದಳು.

"ಅಕ್ಕಾ, ಕೇಳಿದ್ರಾ ನಿಮ್ಮ ಮುದ್ದಿನ ಸೊಸೆ ಘನಂದಾರಿ ಕೆಲಸಾನ? ಕನ್ನಡಿ ಮುಂದೆ ಹಾಕ್ಕೊಳ್ಳೋದು, ಬೀದಿ ತಿರುಗಿದ್ದೇ ಕಿತ್ತು ಬಿಸಾಕೋದು! ಹೀಗೇ ಆದ್ರೆ ದವಡೆ ಕೊಯ್ಯಬೇಕಂತೆ!"

ಅಕ್ಕ ಎಂದರೆ ಹುಡುಗಿಯ ಸೋದರತ್ತೆ. ಗಂಡ ತೀರಿದ ಮೇಲೆ ಹೊಲಿಗೆ ಮೆಷಿನ್ನಿನ ಸಮೇತ ತಮ್ಮನ ಮನೆಗೆ ಬಂದವಳು. ಹುಡುಗಿ ಮಲಗುವುದು ಅವಳ ಕೋಣೆಯಲ್ಲೇ, ಗುಟ್ಟು ಹೇಳುವುದೂ ಅವಳಿಗೇ. ರಬ್ಬರು ಹಾಕಿದ ಮೊದಲ ವಾರ ದವಡೆ ಸಿಡಿದು ಅತ್ತಾಗ, ಒದ್ದೆಬಟ್ಟೆ ಹಿಡಿದು ಪಕ್ಕ ಕೂತಿದ್ದವಳೂ ಅವಳೇ. ಆಮೇಲೆ ನೋವು ತಾನಾಗಿ ನಿಂತಿತ್ತು. ಅಭ್ಯಾಸವಾಯಿತು ಅಂದುಕೊಂಡಿದ್ದಳು ಹುಡುಗಿ.

"ಇಲ್ಲಮ್ಮಾ, ದೇವರಾಣೆಗೂ ಹಾಕ್ತೀನಿ. ಬೇಕಾದ್ರೆ ಅತ್ತೇನ ಕೇಳು. ಮಲಗೋವಾಗ ದಿನಾ ನೋಡ್ತಾಳೆ. ಹೇಳು ಅತ್ತೆ."

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನು ಬಿದ್ದ ಕೂಡಲೇ ನಿದ್ದೆ ಹೋಗಿರ್ತೀನಲ್ಲ. ಏನಂತ ಹೇಳ್ಲಿ?"

ಹುಡುಗಿ ಕಣ್ಣು ಮಿಟುಕಿಸದೆ ಅವಳನ್ನೇ ನೋಡಿದಳು. ತಾಯಿ, "ಸುಳ್ಳುಬುರುಕಿ," ಎಂದು ಒಳಗೆ ಹೋದಳು.

ಭಾನುವಾರ ಅಂಗಿಯ ಗುಂಡಿ ಕಿತ್ತುಬಂತು. ಅತ್ತೆ ಹಿತ್ತಲಲ್ಲಿದ್ದಳು. ಹುಡುಗಿ ದಾರಕ್ಕಾಗಿ ಮೆಷಿನ್ನಿನ ಖಾನೆ ಎಳೆದಳು. ಮೂಲೆಯಲ್ಲಿ ಒಂದು ದಪ್ಪ ದಾರದ ಉರುಳೆ. ಅದರ ಮೈತುಂಬ ಅವಳ ರಬ್ಬರುಗಳು, ಹರಿದೇ ಹೋಗುವಷ್ಟು ಹಿಗ್ಗಿ ಕೂತಿದ್ದವು. ಒಂದನ್ನು ಬಿಡಿಸಿಕೊಂಡಳು. ಅದು ಚಟಕ್ಕನೆ ಕುಗ್ಗಲಿಲ್ಲ. ಅಂಗೈ ಮೇಲೆ ಸೋತು ಬಿದ್ದುಕೊಂಡಿತು.

ಸೊಂಟ ಬಿಗಿಯೆಂದು ಯಾರಾದರೂ ಲಂಗ ವಾಪಸು ತಂದರೆ ಅತ್ತೆ ಮಾಡುತ್ತಿದ್ದುದು ಇದನ್ನೇ. ಎಲಾಸ್ಟಿಕ್ಕನ್ನು ಕುರ್ಚಿಯ ಬೆನ್ನಿಗೆ ಜಗ್ಗಿ ಹಾಕಿ, "ನಾಳೆ ಹೊತ್ತಿಗೆ ಇದರ ಪೊಗರು ಇಳಿದಿರುತ್ತೆ," ಅನ್ನುವಳು.

ಬಾಗಿಲಲ್ಲಿ ನೆರಳು ಬಿತ್ತು. ಅತ್ತೆ ಉರುಳೆಯನ್ನೂ ಹುಡುಗಿಯನ್ನೂ ನೋಡಿದಳು.

"ನಿದ್ದೇಲಿ ನರಳ್ತಿದ್ದೆ ಮಗಾ. ನೋಡೋಕಾಗ್ಲಿಲ್ಲ. ಅಷ್ಟು ಬಿಗಿ ಇದ್ರೆ ಬಟ್ಟೇನೇ ಪಿಸಿಯುತ್ತೆ, ಇದು ಎಳೇ ಬಾಯಿ. ಒಂಚೂರು ಸಡಿಲ ಮಾಡಿ ಪೊಟ್ಟಣಕ್ಕೆ ಹಾಕಿಡ್ತಿದ್ದೆ, ಅಷ್ಟೇ."

"ಅಮ್ಮ ಬೈಯೋವಾಗ ಯಾಕೆ ಹೇಳ್ಲಿಲ್ಲ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಿನ್ನ ಬೈತಾರೆ, ಆಮೇಲೆ ಊಟಕ್ಕೆ ಕರೀತಾರೆ. ನನ್ನ ಕರೀತಾರಾ?"

"ಈ ಹಸಿರು ರಬ್ಬರು? ಇದು ಮೊನ್ನೆ ತಂದ ಪೊಟ್ಟಣದ್ದು, ಹಳೇವೆಲ್ಲ ಬಿಳೀವು. ಡಾಕ್ಟ್ರು ಕೊಯ್ಯಬೇಕು ಅಂದಿದ್ದು ಅಮ್ಮ ಹೇಳಿದ್ಲಲ್ಲ. ನೀನೂ ಕೇಳಿಸ್ಕೊಂಡೆಯಲ್ಲ."

ಅತ್ತೆ ಹತ್ತಿರ ಬಂದಳು. "ಕೊಡು ಇಲ್ಲಿ, ಬಂಗಾರಿ," ಎಂದು ಕೈ ಚಾಚಿದಳು. ಹುಡುಗಿ ಕೊಡಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ ಉರುಳೆಯನ್ನು ತಾಯಿಯ ಮುಂದಿಟ್ಟಳು.

ಕೂಗಾಟ ಆಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಅವತ್ತು ಎಲ್ಲರೂ ಮೆತ್ತಗೆ ಮಾತಾಡಿದರು. ಅಪ್ಪ ಮಾತ್ರ ಊಟದ ನಡುವೆ ತಟ್ಟೆ ನೋಡುತ್ತಲೇ, "ಅಕ್ಕಾ, ಸ್ವಲ್ಪ ದಿನ ದೊಡ್ಡಣ್ಣನ ಮನೇಲಿದ್ದು ಬಾ," ಎಂದ. ಅತ್ತೆ, "ಆಗ್ಲಪ್ಪ," ಎಂದು ತನ್ನ ತಟ್ಟೆ ತಾನೇ ತೊಳೆದಿಟ್ಟಳು. ಹುಡುಗಿಗೆ, ಅತ್ತೆಯ ವಿಷಯದಲ್ಲಿ ತನಗಿಂತ ಬೇಗ ಎಲ್ಲರೂ ತೀರ್ಮಾನ ಮಾಡಿಬಿಟ್ಟರಲ್ಲ ಅನಿಸಿತು.

ಗುರುವಾರ ಮೆಷಿನ್ನನ್ನು ದುಪ್ಪಟಿಯಲ್ಲಿ ಸುತ್ತಿ ಗಾಡಿಗೆ ಏರಿಸಿದ್ದಾಯಿತು. ಅತ್ತೆ ಹೊಸ್ತಿಲಲ್ಲಿ ನಿಂತು ಹುಡುಗಿಯ ಗಲ್ಲ ಮುಟ್ಟಿದಳು.

"ನೋಯ್ತಿದ್ಯಾ?"

ಬೆಳಿಗ್ಗೆಯಷ್ಟೇ ಸಿಕ್ಕಿಸಿದ ಹೊಸ ರಬ್ಬರು ಕಿವಿಯ ತನಕ ಜಗ್ಗುತ್ತಿತ್ತು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.