ಚೀಟಿಯ ಮೊದಲನೆಯ ಸಾಲು

ಮೊಮ್ಮಗಳ ಶಾಲೆಯ ಟೀಚರು ನನ್ನ ಕಳ್ಳತನ ಹಿಡಿದದ್ದು ಸೂರತ್ತಿಗೆ ಪ್ಲೇಗ್ ಬಂದು ಹೋದ ಮರುವರ್ಷ, ಡಿಸೆಂಬರಿನಲ್ಲಿ. ವಿಂಧ್ಯಾಳ ಹೋಂವರ್ಕನ್ನು ನಾನು ಕೈ ಹಿಡಿದು ಬರೆಸುತ್ತಿದ್ದೆ. ಅಂದರೆ ಪೆನ್ಸಿಲು ಅವಳ ಕೈಯಲ್ಲಿ, ಅವಳ ಕೈ ನನ್ನ ಮುಷ್ಟಿಯಲ್ಲಿ. ನನಗೆ ಇಂಗ್ಲಿಷ್ ಓದಲು ಬಾರದು. ಆದರೆ ಚುಕ್ಕಿಗಳ ಮೇಲೆ ಗೆರೆ ಎಳೆಯುವುದಕ್ಕೆ ಓದು ಯಾಕೆ ಬೇಕು?

ಟೀಚರು ಕೋಕಿಲಾಬೆನ್ ನನ್ನ ಸೊಸೆ ನಳಿನಿಯನ್ನು ಕರೆಸಿದರು. ಮನೆಯಲ್ಲಿ ಬರೆದದ್ದು ಮುದ್ದಾಗಿದೆ, ಆದರೆ ಅದು ದೊಡ್ಡವರ ಕೈ. ಕ್ಲಾಸಿನಲ್ಲಿ ಈ ಹುಡುಗಿ ಪೆನ್ಸಿಲು ಬೀಳಿಸಿಕೊಂಡು ಕೂರುತ್ತಾಳೆ, ಬೆರಳುಗಳಲ್ಲಿ ಕಸುವಿಲ್ಲ ಅಂದರಂತೆ. ಮಾರ್ಚಿನಲ್ಲಿ ತನ್ನ ಹೆಸರನ್ನು ತಾನೇ ಬರೆಯದಿದ್ದರೆ ಒಂದನೇ ಕ್ಲಾಸಿಲ್ಲ, ಕೆ.ಜಿ.ಯಲ್ಲೇ ಇನ್ನೊಂದು ವರ್ಷ.

"ಐದು ವರ್ಷದ ಕೂಸಿಗೆ ಕಸುವಂತೆ! ಅವಳೇನು ಗರಡಿ ಮನೆಗೆ ಹೋಗ್ಬೇಕಾ?" ಎಂದು ನಾನು ಹಾರಾಡಿದೆ. ಮಗ ಜಯತೀರ್ಥ ವಿಮಾ ಕಚೇರಿಯಿಂದ ಆಗಷ್ಟೇ ಬಂದಿದ್ದ. ಚಪ್ಪಲಿ ಬಿಡುವ ನೆಪದಲ್ಲಿ ಬಾಗಿಲಲ್ಲೇ ನಿಂತ.

ನಳಿನಿ ಕೈಚೀಲಕ್ಕೆ ಕೈ ಹಾಕಿದಳು. ಟೀಚರು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಚೀಟಿಯೊಂದನ್ನು ತೆಗೆದಳು. "ಬರೆಸೋದೇ ಬೇಡವಂತೆ ಅತ್ತೆ. ಮನೆಗೆಲಸ ಮಾಡಿಸ್ಬೇಕಂತೆ. ಕಾಳು ಬಿಡಿಸೋದು, ಹಿಟ್ಟು ನಾದೋದು, ಒಣಗಿದ ಬಟ್ಟೆಯ ಕ್ಲಿಪ್ಪು ತೆಗೆಯೋದು, ಗುಂಡಿ ಹಾಕ್ಕೊಳ್ಳೋದು. ಇವೆಲ್ಲ ನನಗಿಂತ ನಿಮಗೆ ಚೆನ್ನಾಗಿ ಬರುತ್ತೆ. ನೀವೇ ಕಲಿಸಿ."

ಹೀಗಂದರೆ ಯಾರಿಗೆ ತಾನೇ ಸಿಟ್ಟು ನಿಲ್ಲುತ್ತದೆ?

ಚಳಿಗಾಲದ ಸೂರತ್ತಿನಲ್ಲಿ ತಳ್ಳುಗಾಡಿಯ ತುಂಬ ಪಾಪ್ಡಿ. ನಮ್ಮ ಅವರೆಕಾಯಿಯದೇ ಜಾತಿ. ಅಕ್ಕಪಕ್ಕದ ಗುಜರಾತಿ ಹೆಂಗಸರು ಅದನ್ನು ಸಿಪ್ಪೆಸಮೇತ ಬೇಯಿಸುತ್ತಿದ್ದರು; ನಾನು ಕಾಳು ಬಿಡಿಸಿ, ನೆನೆಹಾಕಿ, ಹಿತುಕಿ, ಮೈಸೂರಿನ ಸಾರು ಮಾಡಿದೆ. ಹಿತುಕುವ ಕೆಲಸ ವಿಂಧ್ಯಾಳದ್ದು. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳನ್ನು ಒತ್ತಿದರೆ ಬೇಳೆ ಪುಳಕ್ಕನೆ ಹಾರಬೇಕು. ಮೊದಲ ದಿನ ಅರ್ಧ ಗಂಟೆಗೆ ಹನ್ನೊಂದು ಬೇಳೆ. ವಾರದ ಹೊತ್ತಿಗೆ ಹಾರಿದ ಬೇಳೆ ಅವರಪ್ಪನ ಕನ್ನಡಕಕ್ಕೆ ಬಡಿಯಿತು. ಅವಳ ನಗು ನಿಲ್ಲಲೇ ಇಲ್ಲ.

ಹತ್ತಿ ಹಿಂಜಿ ಹೂಬತ್ತಿ ಮಾಡಿದಳು. ಬತ್ತಿ ನೆಟ್ಟಗೆ ನಿಲ್ಲುತ್ತಿರಲಿಲ್ಲ, ದೇವರು ಸುಧಾರಿಸಿಕೊಂಡ. ನಳಿನಿ ಚಪಾತಿ ಹಿಟ್ಟಿನಲ್ಲಿ ಒಂದು ಉಂಡೆ ಅವಳಿಗೆಂದೇ ಎತ್ತಿಡುತ್ತಿದ್ದಳು, ಶಾಲೆಗೆ ಹೊತ್ತಾದರೂ ಮಗಳ ಫ್ರಾಕಿನ ಗುಂಡಿಗೆ ತಾನು ಕೈ ಹಾಕದೆ ಗೋಡೆಗೊರಗಿ ಕಾಯುತ್ತಿದ್ದಳು. ನನ್ನ ಕೈಲಾಗದ ಕೆಲಸ ಅದು. ಸೊಸೆಯ ತಾಳ್ಮೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಬಾಯಲ್ಲಿ ಹೇಳಲಿಲ್ಲ, ಅತ್ತೆ ತಾನೇ ನಾನು.

ಫೆಬ್ರವರಿ ಬಂತು. ಪೆನ್ಸಿಲು ಕೈಯಲ್ಲಿ ನಿಲ್ಲುತ್ತಿತ್ತು, ಆದರೆ ಎರಡು ಅಕ್ಷರ ಆಗುವಷ್ಟರಲ್ಲಿ ಬೆರಳು ಸೋತು ಮೂರನೆಯದು ಗೆರೆಯಿಂದ ಜಾರುತ್ತಿತ್ತು. ಪರೀಕ್ಷೆಗೆ ಇನ್ನು ಐದು ವಾರ. ಏನೋ ಒಂದು ಬಿಟ್ಟುಹೋಗಿದೆ ಅನ್ನಿಸಿ, ನಳಿನಿ ತರಕಾರಿಗೆ ಹೋದಾಗ ಚೀಟಿಯನ್ನು ಮಗನ ಕೈಗೆ ಕೊಟ್ಟು ಓದಿಸಿದೆ.

ಅವನು ಮೇಲಿನಿಂದ ಶುರುಮಾಡಿದ. "ಮಗು ಮೂರು ಹೊತ್ತೂ ತನ್ನ ಕೈಯಿಂದಲೇ ಊಟ ಮಾಡಲಿ. ಯಾರೂ ತುತ್ತು ಕೊಡಬಾರದು. ಎಲ್ಲಕ್ಕಿಂತ ಇದೇ ಮುಖ್ಯ." ಆಮೇಲೆ ಕಾಳು, ಹಿಟ್ಟು, ಕ್ಲಿಪ್ಪು.

ನಳಿನಿ ನನಗೆ ಎರಡನೆಯ ಸಾಲಿನಿಂದ ಓದಿದ್ದಳು.

ನಮ್ಮ ಮನೆಯಲ್ಲಿ ಮುಸುರೆಯ ಕಟ್ಟುನಿಟ್ಟು ಹೆಚ್ಚು. ಬೆಂದ ಅನ್ನ ಮುಟ್ಟಿದ ಕೈ ತೊಳೆಯದೆ ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಮಗು ತಾನೇ ಉಂಡರೆ ನೆಲವೆಲ್ಲ ಅಗುಳು, ಮನೆಯೆಲ್ಲ ಮುಸುರೆ ಎಂದು ಹುಟ್ಟಿದಾಗಿನಿಂದ ನಾನೇ ಕಲಸಿ, ಉಂಡೆ ಕಟ್ಟಿ, ಕಥೆ ಹೇಳುತ್ತ ಬಾಯಿಗಿಡುತ್ತಿದ್ದೆ. ಐದು ವರ್ಷ ಆ ಬೆರಳುಗಳಿಗೆ ಒಂದಗುಳು ಅನ್ನ ಸೋಕಿರಲಿಲ್ಲ.

ಸೊಸೆ ಚೀಲ ಕೆಳಗಿಡುವ ಮೊದಲೇ ರೇಗಿದೆ. "ಯಾಕೆ ಮುಚ್ಚಿಟ್ಟೆ? ನನ್ನ ಮಡಿಗೆ ಹೆದರಿದ್ಯಾ?"

"ಮಡಿಗಲ್ಲ ಅತ್ತೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹೊರಗೆ ಗುಜರಾತಿ, ಶಾಲೇಲಿ ಇಂಗ್ಲಿಷು. ತುತ್ತು ತಿನ್ನೋವಾಗ ಮಾತ್ರ ಅವಳು ಕೂತು ನಿಮ್ಮ ಹತ್ರ ಕನ್ನಡ ಮಾತಾಡೋದು. ಅದನ್ನೂ ಹೇಗೆ ಕಿತ್ಕೊಳ್ಳಲಿ?"

ತನ್ನ ಮಗಳ ಒಂದು ವರ್ಷ ಹೋದರೂ ಹೋಗಲಿ ಎಂದು ನನ್ನ ತುತ್ತಿನ ಹೊತ್ತನ್ನು ಕಾಪಾಡಿದ್ದಳು ಈ ಹುಡುಗಿ. ಇಂಥವಳನ್ನು ನಾನು ಏಳು ವರ್ಷದಿಂದ ಉಪ್ಪು ಹೆಚ್ಚು, ಹುಳಿ ಕಮ್ಮಿ ಎಂದು ಅಳೆಯುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮಧ್ಯಾಹ್ನ ವಿಂಧ್ಯಾಳ ಮುಂದೆ ತಟ್ಟೆಯಿಟ್ಟು ನನ್ನ ಎರಡೂ ಕೈಗಳನ್ನು ಸೀರೆಯ ಮಡಿಲಲ್ಲಿ ಅಡಗಿಸಿ ಕೂತೆ. ಅವಳು ಬಾಯಿ ತೆರೆದು ಕಾದಳು, ಅತ್ತಳು, ತಟ್ಟೆ ನೂಕಿದಳು. ಹಸಿವು ಅವಳಿಗೆ ನನಗಿಂತ ದೊಡ್ಡ ಮೇಷ್ಟರಾಯಿತು. ಮೊಸರನ್ನ ಮೊಣಕೈವರೆಗೆ ಇಳಿಯಿತು, ಕೂದಲಿಗೂ ಹತ್ತಿತು. ಮೂರು ಹೊತ್ತೂ ನೆಲ ಒರೆಸಿದೆ. ಕಥೆ ನಡೆಯುತ್ತಲೇ ಇತ್ತು, ಆದರೆ ಅವಳ ಗಮನವೆಲ್ಲ ತುತ್ತು ಕಟ್ಟುವುದರ ಮೇಲೆ.

ಮಾರ್ಚಿನಲ್ಲಿ ಪರೀಕ್ಷೆಗೆ ನಾನೂ ಹೋಗಿ ಕಿಟಕಿಯ ಹೊರಗೆ ನಿಂತೆ. ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವಳು ಏಳು ಅಕ್ಷರ ಬರೆದಳು. ಏಳೂ ಸೊಟ್ಟ. ನಾನು ಬರೆಸಿದ್ದಕ್ಕಿಂತ ಸಾವಿರ ಪಾಲು ಚೆಂದ. ಕೋಕಿಲಾಬೆನ್ ಕಿಟಕಿಯತ್ತ ತಿರುಗಿ ಆಯಿತು ಎನ್ನುವಂತೆ ತಲೆಯಾಡಿಸಿದರು. ಪಕ್ಕದಲ್ಲಿದ್ದ ನಳಿನಿಯ ಕೈಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಅಂದು ಪಾಯಸ ಮಾಡಿದೆ. ಇವತ್ತೊಂದು ದಿನ ಎಂದು ಬಟ್ಟಲು ಹಿಡಿದು, ಹಲಸಿನ ಹಣ್ಣಿಗೆ ಬಾಲ ಅಂಟಿಸಿಕೊಂಡ ಕೋತಿಯ ಕಥೆ ಶುರುಮಾಡಿದೆ. ವಿಂಧ್ಯಾ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನಾನೇ, ಅಜ್ಜಿ." ಐದು ನಿಮಿಷದಲ್ಲಿ ಬಳಿದು ತಿಂದು, ಕೈ ತೊಳೆದು, ಗುಜರಾತಿಯಲ್ಲಿ ಗೆಳತಿಯನ್ನು ಕೂಗುತ್ತ ಮೆಟ್ಟಿಲಿಳಿದು ಓಡಿದಳು. ಹೆಮ್ಮೆಯಾಯಿತು. ಕಥೆ ಮಾತ್ರ ಅರ್ಧಕ್ಕೇ ನಿಂತಿತ್ತು.

ನಳಿನಿ ಒಲೆ ಆರಿಸಿ ಬಂದು, ಮಗು ಕೂತಿದ್ದ ಜಾಗದಲ್ಲಿ ಕೂತಳು.

"ಆಮೇಲೆ ಆ ಕೋತಿ ಏನು ಮಾಡ್ತು, ಅತ್ತೆ?"