ಬೇಡಕಿಹಾಳದ ಐದು ಮಷೀನು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಿಪ್ಪಾಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಶುಭಾಂಗಿಯ ಅಂಗಡಿಗೆ ಹೋಗಿ, ಕೆಲಸ ಚೊಕ್ಕ ಮಾಡುತ್ತಾಳೆ, ಆದರೆ ಎದುರು ಮಾತಾಡಬೇಡಿ. ಈಗ ಅಂಗಡಿಯಲ್ಲಿ ಮೊಬೈಲಿಗೆ ಗಾಜು ಅಂಟಿಸುವುದೇ ಹೆಚ್ಚಿನ ಕೆಲಸ. ಹತ್ತು ವರ್ಷದ ಹಿಂದೆ ಹಾಗಿರಲಿಲ್ಲ. ಆಗ ಒಂದೊಂದು ಕಂಪ್ಯೂಟರನ್ನೂ ಕೈಯಾರೆ ಜೋಡಿಸುತ್ತಿದ್ದೆ. ಅದು ಮೊದಲ ಸಲ ಎದ್ದು 'ಬೀಪ್' ಅಂದಾಗ ಹೊಟ್ಟೆಯಲ್ಲಿ ಹಾಲು ಹುಯ್ದಂತೆ ಆಗುತ್ತಿತ್ತು.

2007ರಲ್ಲಿ ನಾನು ಕೊಲ್ಲಾಪುರದಲ್ಲಿ ಒಂದು ವರ್ಷದ ಹಾರ್ಡ್‌ವೇರ್ ಕೋರ್ಸು ಮುಗಿಸಿ ಅಂಗಡಿ ಹಾಕಿದ್ದೆ. ಬಂದ ಗಂಡಸರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ: "ಮಾಲಕರು ಎಲ್ಲಿ ಹೋಗ್ಯಾರ್ರಿ?" ನಾನೇ ಮಾಲಕಿ ಅಂದರೆ ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಟುಹೋಗುತ್ತಿದ್ದರು. ಎರಡು ತಿಂಗಳಲ್ಲಿ ಒಂದೂ ಮಷೀನು ಮಾರಿರಲಿಲ್ಲ. ಬಾಗಿಲು ಹಾಕುವುದೆಂದು ಮನಸ್ಸು ಮಾಡುವ ಹೊತ್ತಿಗೆ ಬೇಡಕಿಹಾಳದಿಂದ ಕಮಲಾಬಾಯಿ ಬಂದರು.

ಅವರ ಜೊತೆ ಮಗ ಭೂಪಾಲ ಅಣ್ಣ ಇದ್ದ. ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತ. ಅವನೂ ಉಳಿದವರಂತೆ ಬಾಗಿಲಲ್ಲೇ ಹಿಂಜರಿದ. ಕಮಲಾಬಾಯಿ ಮಾತ್ರ ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ನಾನು ಸ್ಕ್ರೂ ಬಿಗಿಯುವುದನ್ನು ಬಹಳ ಹೊತ್ತು ನೋಡಿದರು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಸೀರೆಗೆ ಸಣ್ಣ ಅಂಚು, ಮೂಗಿನ ಮೇಲೆ ಕನ್ನಡಕ.

"ಹೊಲಿಗಿ ಮಷೀನ ನಾವು ಬಿಚ್ಚಿ ಜೋಡಿಸೂದಿಲ್ಲೇನೋ? ಇದೂ ಹಂಗ. ಈ ಹುಡುಗಿ ಕೈ ನೋಡ, ಎಷ್ಟ ಸ್ವಚ್ಛ ಐತಿ. ಇಕಿ ಕಡೇನ ಮಾಡಸೂಣು" ಎಂದರು ಮಗನಿಗೆ.

ಹಾಗೆ ನನ್ನ ಮೊದಲ ಕಂಪ್ಯೂಟರು ಬೇಡಕಿಹಾಳಕ್ಕೆ ಹೋಯಿತು. ಕಮಲಾಬಾಯಿ ಬಸದಿಗೆ ಬಂದವರಿಗೆಲ್ಲ ನನ್ನ ಹೆಸರು ಹೇಳಿದರು. ಮೇ ತಿಂಗಳು ಮುಗಿಯುವಷ್ಟರಲ್ಲಿ ಅದೇ ಓಣಿಯ ಇನ್ನೂ ನಾಲ್ಕು ಜೈನ ಮನೆಗಳಿಗೆ ನಾಲ್ಕು ಮಷೀನು ಕೊಟ್ಟೆ. ಪಕ್ಕದ ಓಣಿಯ ಸತ್ತೆಪ್ಪ ಮಾಸ್ತರರೂ ಒಂದು ತೆಗೆದುಕೊಂಡರು. ಆರಕ್ಕೂ ಒಂದೇ ಸಾಮಾನು, ಒಂದೇ ಪೆಟ್ಟಿಗೆಯಿಂದ ತೆಗೆದದ್ದು. ಅಷ್ಟರಲ್ಲಿ ನಾನೂ ಕಮಲಾಬಾಯಿಯನ್ನು ಅವರ ಮಗನಂತೆ ಆಯಿ ಎಂದು ಕರೆಯತೊಡಗಿದ್ದೆ.

ಜುಲೈ ಕೊನೆಗೆ ಭೂಪಾಲ ಅಣ್ಣನ ಫೋನು ಬಂತು. "ಶುಭಾಂಗಿಬಾಯಿ, ಕಂಪ್ಯೂಟರ ನಡಬರಕ ನಿಂದರಾಕತ್ತೇತ್ರಿ. ಮೌಸ್ ಅಲ್ಲಾಡೂದಿಲ್ಲ, ಏನ ಒತ್ತಿದ್ರೂ ಏನೂ ಆಗೂದಿಲ್ಲ."

ಮರುದಿನ ಬಸ್ಸು ಹತ್ತಿ ಹೋದೆ. ಮಧ್ಯಾಹ್ನ ಮೂರು ತಾಸು ಓಡಿಸಿ ನೋಡಿದೆ, ಚೆನ್ನಾಗಿ ನಡೆಯಿತು. ವೈರಸ್ಸಿರಬಹುದೆಂದು ಎಲ್ಲ ಅಳಿಸಿ ವಿಂಡೋಸ್ ಮತ್ತೆ ಹಾಕಿ ಬಂದೆ. ಮೂರೇ ದಿನಕ್ಕೆ ಅದೇ ದೂರು, ಈ ಸಲ ಎರಡು ಮನೆಗಳಿಂದ. ಮೆಮೊರಿ ಪಟ್ಟಿ ತೆಗೆದು ರಬ್ಬರಿನಿಂದ ಉಜ್ಜಿ ಕೂರಿಸಿದೆ. ಆಗಸ್ಟಿನಲ್ಲಿ ಐದೂ ಮನೆಗಳವು ನಿಲ್ಲತೊಡಗಿದವು. ಕರೆಂಟು ಸರಿಯಿಲ್ಲವೇನೋ ಎಂದು ಮೀಟರ್ ಹಚ್ಚಿ ನೋಡಿದೆ. ಪವರ್ ಡಬ್ಬಿ ಬದಲಿಸಿದೆ. ಪ್ರತಿ ಸಲವೂ ನಾನು ಮುಂದೆ ಕೂತಾಗ ಅವು ಸುಳ್ಳೇ ಸಭ್ಯರಾಗಿ ನಡೆಯುತ್ತಿದ್ದವು. ನಾನು ಐದೂವರೆಯ ಬಸ್ಸು ಹಿಡಿದು ನಿಪ್ಪಾಣಿ ಮುಟ್ಟಿ ರಾತ್ರಿ ಊಟಕ್ಕೆ ಕೂರುವುದರೊಳಗೆ ಮತ್ತೆ ಫೋನು. ಆ ಬಸ್ಸು ತಪ್ಪಿದರೆ ನನಗೆ ಬೇರೆ ಗತಿಯಿರಲಿಲ್ಲ, ಹಾಗಾಗಿ ಕತ್ತಲಾಗುವ ತನಕ ಒಮ್ಮೆಯೂ ಕೂತಿರಲಿಲ್ಲ.

ಒಂದು ಮಾತು ಹೇಳಬೇಕು. ನಿಪ್ಪಾಣಿ ತಂಬಾಕಿನ ಪೇಟೆ, ಇಲ್ಲಿಯ ಯಾವ ಮನೆಯ ಕಂಪ್ಯೂಟರು ಬಿಚ್ಚಿದರೂ ಒಳಗೆ ತಂಬಾಕಿನ ಧೂಳು ತುಂಬಿರುತ್ತದೆ, ಬ್ರಶ್ ಆಡಿಸಿದರೆ ಹತ್ತು ಸೀನು ಗ್ಯಾರಂಟಿ. ಬೇಡಕಿಹಾಳದ ಐದು ಮಾತ್ರ ಒಳಗೆ ತೊಳೆದಿಟ್ಟ ಪಾತ್ರೆಯ ಹಾಗಿದ್ದವು. ಒಂದು ಕಸವಿಲ್ಲ, ಒಂದು ಹುಳದ ರೆಕ್ಕೆಯಿಲ್ಲ. ಮಳೆಗಾಲದಲ್ಲಿ ಹೀಗಿರುವುದು ಹೇಗೆಂದು ನನಗೆ ಅನುಮಾನ ಬರಬೇಕಿತ್ತು. ನಾನು ಮಾತ್ರ ಎಷ್ಟು ಅಚ್ಚುಕಟ್ಟಿನ ಜನ ಎಂದು ಮೆಚ್ಚಿಕೊಂಡು ಮುಚ್ಚಳ ಹಾಕಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಭಾದ್ರಪದ ಬಂತು. ಭೂಪಾಲ ಅಣ್ಣನ ತಾಳ್ಮೆ ಮುಗಿಯಿತು. "ನೋಡ್ರಿ, ನಕಲಿ ಸಾಮಾನ ಹಾಕೀರಿ ಅಂತ ಓಣ್ಯಾಗೆಲ್ಲ ಮಾತ ಐತಿ. ಆಯಿ ನಿಮ್ಮ ಪರ ಜಗಳ ಮಾಡಾಕತ್ತಾಳ, ನಾ ಎಷ್ಟ ದಿನ ಸುಮ್ಮಿರಲಿ? ಕ್ಷಮಾವಾಣಿ ಹಬ್ಬ ಆದ ಮರದಿನ ಐದೂ ಮಷೀನ ಟೆಂಪೋದಾಗ ಹಾಕ್ಕೊಂಡ ಬಂದ ನಿಮ್ಮ ಅಂಗಡಿ ಮುಂದ ಇಳಸ್ತೀವಿ."

ಐದು ಮಷೀನು ನನ್ನ ಅಂಗಡಿಯ ಮುಂದೆ ಸಾಲಾಗಿ ನಿಂತರೆ ಇಡೀ ಪೇಟೆ ನೋಡುತ್ತದೆ. ಹೆಣ್ಣುಮಗಳು ಜೋಡಿಸಿದ್ದಲ್ಲವೇ ಎಂದು ನಗುತ್ತದೆ. ಆಮೇಲೆ ನನ್ನ ಕೈಗೆ ಯಾರೂ ಒಂದು ಕ್ಯಾಲ್ಕುಲೇಟರನ್ನೂ ಕೊಡುವುದಿಲ್ಲ. ಆ ದಿನ ಊಟ ಸೇರಲಿಲ್ಲ, ಸಿಕ್ಕವರಿಗೆಲ್ಲ ಬೈದೆ.

ಬೈದು ಸುಸ್ತಾದ ಮೇಲೆ ನನ್ನ ವಹಿಯನ್ನು ತೆಗೆದು ಕೂತೆ. ಯಾವ ಮನೆ, ಯಾವ ದಿನ, ಎಷ್ಟು ಗಂಟೆಗೆ ನಿಂತಿತು ಎಂದು ಪ್ರತಿ ಫೋನಿಗೂ ಬರೆದಿಟ್ಟಿದ್ದೆ. ಎಲ್ಲವೂ ಸಂಜೆ ಏಳರ ನಂತರ. ಎಲ್ಲವೂ ಅದೇ ಐದು ಮನೆ. ಸತ್ತೆಪ್ಪ ಮಾಸ್ತರರ ಹೆಸರು ಒಮ್ಮೆಯೂ ಇರಲಿಲ್ಲ. ಅವರಿಗೆ ಫೋನು ಮಾಡಿದೆ.

"ನಂದೇನ ಆಗಿಲ್ಲವಾ, ಝಕಾಸ್ ನಡದೇತಿ" ಎಂದರು.

ಒಂದೇ ಸಾಮಾನು, ಒಂದೇ ಕರೆಂಟು. ಅಂದರೆ ತಪ್ಪು ನನ್ನ ಮಷೀನಿನಲ್ಲಿಲ್ಲ, ಆ ಐದು ಮನೆಗಳಲ್ಲಿ ಸಂಜೆ ಏನೋ ಆಗುತ್ತಿದೆ. ಮರುದಿನವೇ ಹೋದೆ, ಬಸ್ಸು ತಪ್ಪಿದರೆ ತಪ್ಪಲಿ ಎಂದುಕೊಂಡು.

ಆಯಿ ಹೊತ್ತು ಮುಳುಗುವ ಮೊದಲೇ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಲೆ ಬಡಿಸಿದರು. ಆ ಮನೆಯಲ್ಲಿ ಕತ್ತಲಾದ ಮೇಲೆ ಯಾರೂ ಉಣ್ಣುವುದಿಲ್ಲ. ನಾನು ಕಂಪ್ಯೂಟರ್ ಹಚ್ಚಿ ಅದರ ಮುಂದೆ ಕೂತೆ. ಹೊರಗೆ ಸಣ್ಣ ಮಳೆ, ಟ್ಯೂಬ್‌ಲೈಟಿನ ಸುತ್ತ ಹುಳ ಮುತ್ತತೊಡಗಿದ್ದವು. ಆಗ ಆಯಿ ಒಳಗಿನಿಂದ ಒಂದು ಬಿಳಿ ಬಟ್ಟೆ ತಂದರು. ಅವರು ನೀರು ಸೋಸುತ್ತಾರಲ್ಲ, ಅಂಥ ದಪ್ಪನೆಯ ಬಟ್ಟೆ, ಎರಡು ಪದರ ಮಡಚಿದ್ದು. ಕ್ಯಾಬಿನೆಟ್ಟಿನ ಹಿಂದೆ ಮುಂದೆ ಎಲ್ಲ ತೂತು ಮುಚ್ಚುವಂತೆ ಸುತ್ತಿ, ದಾರದಿಂದ ಗಂಟು ಹಾಕಿದರು. ಎಷ್ಟು ಜೋಪಾನವಾಗಿ ಎಂದರೆ ಕೂಸಿಗೆ ಕುಂಚಿಗೆ ಕಟ್ಟುವ ಹಾಗೆ.

ನಾನು ಬಾಯಿ ತೆರೆದು ನೋಡುತ್ತಿದ್ದೆ. "ಆಯಿ, ಏನ್ರಿ ಇದು?"

"ಒಳಗಿನ ಫ್ಯಾನ ಗಾಳಿ ಎಳೀತೈತಲ್ಲವಾ. ಚಾತುರ್ಮಾಸ ಇದು, ಎಲ್ಲಿ ನೋಡಿದಲ್ಲಿ ಹುಳ. ಒಳಗ ಹೋಗಿ ಸಾಯಬಾರದು ಅಂತ ಕಟ್ಟತೇವಿ. ಮುಂಜಾನೆ ಬಿಚ್ಚಿ ಹಿತ್ತಲದಾಗ ಝಾಡಿಸಿ ಬಿಡತೇವಿ, ಹಾರಿ ಹೋಗ್ತಾವ."

"ಉಳದ ನಾಕು ಮನ್ಯಾಗೂ?"

"ಹೂಂ, ನಾನ ಹೇಳಿಕೊಟ್ಟೆ ಎಲ್ಲಾರಿಗೂ."

"ನನಗ್ಯಾಕ ಹೇಳಲಿಲ್ರಿ?"

ಆಯಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಿನಗ ಏನ ಹೇಳೂದು? ಇದು ಹುಳಕ್ಕ ಮಾಡಿದ್ದು, ಮಷೀನಿಗೆ ಮಾಡಿದ್ದಲ್ಲಲ್ಲ."

ಅರ್ಧ ತಾಸಿಗೆ ಮೌಸು ನಿಂತಿತು. ಬಟ್ಟೆಯ ಮೇಲೆ ಕೈ ಇಟ್ಟೆ, ಕಾದ ಹಂಚಿನ ಹಾಗಿತ್ತು. ಉಸಿರು ಕಟ್ಟಿ ಒಳಗೆ ಎಲ್ಲ ಕುದಿಯುತ್ತಿತ್ತು. ಕಾರಣ ಸಿಕ್ಕಿತೆಂದು ನಾನು ನಗಬೇಕಿತ್ತು. ಎರಡು ತಿಂಗಳ ಓಡಾಟ, ಓಣಿಯ ಮಾತು, ಟೆಂಪೋ ಎಲ್ಲ ಒಮ್ಮೆಗೇ ತಲೆಗೆ ಏರಿತು. ದಾರ ಹರಿದು ಆ ಬಟ್ಟೆಯನ್ನು ನೆಲಕ್ಕೆ ಬಡಿದೆ.

"ಹುಳಕ್ಕ ಮರಗತೀರಿ, ಮನಷ್ಯಾರಿಗೆ ಮರಗೂದಿಲ್ಲ. ಎರಡ ತಿಂಗಳದಿಂದ ನನ್ನ ಮರ್ಯಾದಿ ಸುಡಾಕತ್ತೀರಿ, ಅದಕ್ಕ ಜೀವ ಇಲ್ಲೇನ್ರಿ? ಎಂಥಾ ಧರ್ಮರೀ ನಿಮ್ಮದು?"

ಗದ್ದಲ ಕೇಳಿ ಭೂಪಾಲ ಅಣ್ಣ ಬಾಗಿಲಿಗೆ ಬಂದ. ಆಯಿ ಬಗ್ಗಿ ಬಟ್ಟೆ ಎತ್ತಿ, ಕಿಟಕಿಯ ಹತ್ತಿರ ಹೋಗಿ, ಅದರಲ್ಲಿ ಸಿಕ್ಕ ಹುಳಗಳು ಹಾರುವ ತನಕ ಮೆಲ್ಲಗೆ ಝಾಡಿಸಿದರು. ಬಸ್ಸು ಹೋಗಿಬಿಟ್ಟಿತ್ತು, ಅಷ್ಟು ಮಾತಾಡಿ ಅವರ ಮನೆಯಲ್ಲೇ ಮಲಗಬೇಕಾಯಿತು. ಆಯಿಯೇ ಹಾಸಿಗೆ ಹಾಸಿ, ಕೌದಿ ಕೊಟ್ಟರು. ಬೆಳಗಿನ ಮೊದಲ ಬಸ್ಸಿಗೆ ಯಾರಿಗೂ ಹೇಳದೆ ಹೊರಟುಬಂದೆ.

ಕ್ಷಮಾವಾಣಿಯ ದಿನ ಭೂಪಾಲ ಅಣ್ಣ ಫೋನು ಮಾಡಿದ. ಆ ದಿನ ಜೈನರು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ, ಕೇಳಿಸಿಕೊಂಡವರೂ ತಿರುಗಿ ಕೇಳುವುದು ಪದ್ಧತಿ.

"ಶುಭಾಂಗಿಬಾಯಿ, ಆಯಿ ಇವತ್ತ ಬಸದ್ಯಾಗ ಎಲ್ಲಾರ ಮುಂದ ಎದ್ದ ನಿಂತಳ್ರಿ. ಆ ಹುಡುಗಿ ಮಷೀನ ಬಂಗಾರದಂಥಾವು, ಉಸರ ಕಟ್ಟಿಸಿದಾಕಿ ನಾನು, ಆಕಿ ಹೆಸರ ಕೆಡಿಸಿದ ಪಾಪ ನಂದು ಅಂದ್ಲು. ಟೆಂಪೋ ಬರೂದಿಲ್ರಿ ಈಗ."

ಆಮೇಲೆ ಫೋನು ಆಯಿಯ ಕೈಗೆ ಹೋಯಿತು. "ಶುಭಾ, ತಿಳಿದೋ ತಿಳೀಲಾರದೋ ತಪ್ಪಾಗಿದ್ರ ಕ್ಷಮಾ ಮಾಡವಾ."

"ಆತ್ರಿ" ಎಂದೆ. ಅಷ್ಟೇ. ತಿರುಗಿ ಕೇಳಬೇಕೆಂದು ಗೊತ್ತಿತ್ತು, ನಾಲಿಗೆ ಏಳಲಿಲ್ಲ. ಸಿಟ್ಟು ಇಳಿದಿತ್ತು, ಸೊಕ್ಕು ಇಳಿದಿರಲಿಲ್ಲ.

ಬಡಗಿಯ ಹತ್ತಿರ ಐದು ಚೌಕಟ್ಟು ಮಾಡಿಸಿ, ಸೊಳ್ಳೆ ಪರದೆಯ ಜಾಳಿಗೆ ಹೊಡೆದು, ಕಂಪ್ಯೂಟರಿನಿಂದ ಒಂದು ಗೇಣು ದೂರ ಸುತ್ತ ನಿಲ್ಲುವ ಗೂಡು ತಯಾರಿಸಿದೆ. ಗಾಳಿ ಆಡುತ್ತದೆ, ಹುಳ ಹೋಗುವುದಿಲ್ಲ. ಭೂಪಾಲ ಅಣ್ಣನ ಕೈಯಲ್ಲಿ ಕೊಟ್ಟು ಕಳಿಸಿದೆ. ಆಮೇಲೆ ಒಂದೂ ಮಷೀನು ನಿಲ್ಲಲಿಲ್ಲ. ಕೆಲಸ ಮಾಡಿಕೊಟ್ಟೆನಲ್ಲ, ಇನ್ನು ಮಾತು ಯಾಕೆ ಎಂದುಕೊಂಡೆ. ಆಯಿ ಬೇಡಕಿಹಾಳದಲ್ಲಿ ಆಡಿದ ಆ ಮಾತು ಅಂಕಲಿ, ಚಿಕ್ಕೋಡಿ, ರಾಯಬಾಗದ ತನಕ ಹೋಗಿ, ಬಸದಿಯಲ್ಲಿ ಸಾಕ್ಷಿ ಹೇಳಿಸಿಕೊಂಡ ಅಂಗಡಿ ಎಂದು ಜನ ನನ್ನನ್ನು ಹುಡುಕಿಕೊಂಡು ಬಂದರು. ನಾನು ಇವತ್ತು ಉಣ್ಣುವ ಅನ್ನ ಆ ದಿನದ್ದು.

ಪ್ರತಿ ವರ್ಷ ಕ್ಷಮಾವಾಣಿಯ ದಿನ, ಮಧ್ಯಾಹ್ನದ ಹೊತ್ತಿಗೆ ಆಯಿಯ ಫೋನು ಬರುತ್ತಿತ್ತು. ಅದೇ ಮಾತು. ಪ್ರತಿ ವರ್ಷವೂ ನಾನು "ಆತ್ರಿ" ಎನ್ನುತ್ತಿದ್ದೆ. ಮುಂದಿನ ಸಲ ಹೇಳಿದರಾಯಿತು ಎಂದು ಫೋನು ಇಡುತ್ತಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನನ್ನ ತಾಯಿ ನೂರು ಸಲ ಹೇಳಿದ್ದಳು.

2016ರಲ್ಲಿ ಫೋನು ಬರಲಿಲ್ಲ. ಎರಡು ಗಂಟೆಯಾಯಿತು, ಮೂರಾಯಿತು. ನಾನೇ ಮಾಡೋಣವೆಂದರೆ ಆ ಕಡೆಯಿಂದ ಏನು ಕೇಳಬೇಕಾಗುತ್ತದೋ ಎಂದು ಫೋನು ಕೆಳಗಿಟ್ಟೆ. ಗಿರಾಕಿಗಳನ್ನು ಹಾಗೇ ಬಿಟ್ಟು ಶಟರ್ ಎಳೆದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ದೇವರೇ, ತಡ ಆಗದಿರಲಿ ಎಂದೇ ಬೇಡಿಕೊಂಡೆ.

ಆಯಿ ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂತಿದ್ದರು. ನನಗೆ ಅಲ್ಲೇ ಅಳು ಬಂತು. "ಆಯಿ" ಎಂದೆ. ತಿರುಗಲಿಲ್ಲ.

ಒಳಗಿನಿಂದ ಭೂಪಾಲ ಅಣ್ಣ ಬಂದ. "ಕಿವಿ ಪೂರಾ ಹೋಗ್ಯಾವ್ರಿ ಆಯಿಗೆ, ನಾಕ ತಿಂಗಳಾತು. ಮುಂಜಾನೆ ಫೋನ ಹಿಡಕೊಂಡ ಬಾಳೊತ್ತ ಕುಂತಿದ್ಲು. ಹಚ್ಚಿ ಕೊಡಲೇನ ಅಂತ ಕೈಮಾಡಿ ಕೇಳಿದೆ. ನಾ ಹೇಳೂದ ಹೇಳಬಹುದು, ಆಕಿ ಕ್ಷಮಾ ಮಾಡಿದ್ಲೋ ಇಲ್ಲೋ ನನಗ ಹೆಂಗ ಕೇಳಿಸಬೇಕು ಅಂದು ಇಟ್ಟಬಿಟ್ಲು."

ಒಂಬತ್ತು ವರ್ಷ ಆ ಜೀವ ನನ್ನ ಬಾಯಿಂದ ಒಂದು ಮಾತಿಗೆ ಕಾದಿತ್ತು. ಈಗ ನಾನು ಕೂಗಿ ಹೇಳಿದರೂ ಅವರಿಗೆ ಮುಟ್ಟುವುದಿಲ್ಲ.

ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ನನ್ನ ಮೊದಲ ಮಷೀನು ಅದೇ ಮೂಲೆಯಲ್ಲಿ ಇತ್ತು, ಜಾಳಿಗೆಯ ಗೂಡಿನೊಳಗೆ. ಜಾಳಿಗೆ ಹೊಸದಾಗಿ ತೊಳೆದ ಹಾಗಿತ್ತು. ಹಚ್ಚಿದೆ. ಎಷ್ಟೋ ಹೊತ್ತು ಗೊರಗೊರ ಎಂದು ಕೊನೆಗೂ ಎದ್ದಿತು. ಅಕ್ಷರವನ್ನು ಎಷ್ಟು ದೊಡ್ಡದು ಮಾಡಲು ಬರುತ್ತದೋ ಅಷ್ಟು ದೊಡ್ಡದು ಮಾಡಿ, ಒಂದೊಂದೇ ಕೀಲಿ ಒತ್ತಿದೆ. 'ಆಯಿ, ಬಟ್ಟೆ ನೆಲಕ್ಕೆ ಬಡಿದದ್ದು ತಪ್ಪು. ಆಡಿದ ಮಾತು ತಪ್ಪು. ನನ್ನ ಕ್ಷಮಾ ಮಾಡ್ರಿ.'

ಆಯಿ ಕನ್ನಡಕ ಸರಿಮಾಡಿಕೊಂಡು, ಶಾಸ್ತ್ರ ಓದುವಾಗಿನಂತೆ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಜೋರಾಗಿ ಓದಿದರು. ಓದಿ ಮುಗಿಸಿ ಮತ್ತೊಮ್ಮೆ ಮೊದಲಿನಿಂದ ಓದಿದರು. ಆಮೇಲೆ ನನ್ನ ಗಲ್ಲ ಸವರಿದರು, ಅವರ ಕೈಯಲ್ಲಿ ಅಕ್ಕಿಯ ಹಿಟ್ಟಿತ್ತು.

ನಾನು ಇನ್ನೊಂದು ಸಾಲು ಬರೆಯಲು ಹೋದೆ. ಮೌಸು ಅಲ್ಲಾಡಲಿಲ್ಲ. ಕೀಲಿ ಒತ್ತಿದೆ, ಏನೂ ಆಗಲಿಲ್ಲ. ಮಷೀನು ನಿಂತಿತ್ತು.

ಆಯಿ ಗಾಬರಿಯಾಗಿ ನನ್ನ ಮುಖ ನೋಡಿದರು. "ಮತ್ತ ನಿಂತೇನವಾ? ನಾ ಬಟ್ಟಿ ಕಟ್ಟಿಲ್ಲ ನೋಡ, ಆಣಿ ಮಾಡಿ ಹೇಳತೀನಿ."

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ನಿಂತ ಕಂಪ್ಯೂಟರು ಕಂಡರೆ ನನ್ನ ಕೈ ತಾನಾಗಿಯೇ ಪವರ್ ಬಟನ್ನಿಗೆ ಹೋಗುತ್ತದೆ, ಇಷ್ಟು ವರ್ಷದ ರೂಢಿ. ಅವತ್ತೂ ಹೋಯಿತು. ಒತ್ತಿದರೆ ಆ ಮೂರು ಸಾಲು ಅಳಿಸಿಹೋಗುತ್ತವೆ. ಕೈ ಹಿಂದೆ ತೆಗೆದುಕೊಂಡು ಆಯಿಯ ಪಕ್ಕ ನೆಲದ ಮೇಲೆ ಕೂತೆ. ಹೊತ್ತು ಮುಳುಗುವ ತನಕ ಅವರು ಅದನ್ನು ಓದುತ್ತಲೇ ಇದ್ದರು.